ಉತ್ತರಿಸಿದ ತಪ್ಪಿಗೆ ಇನ್ನೂರು ರೂಪಾಯಿ ದಂಡ

1934ರ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಮುಂಬೈಯ ನ್ಯಾಯಾಲಯದಲ್ಲಿ ಒಂದು ಮೊಕದ್ದಮೆ ನಡೆಯಿತು. ಆರೋಪಿಯ ಜಾಗದಲ್ಲಿ ನಿಂತವರು ಒಂದು ಕಾಲಕ್ಕೆ ವಿಲ್ಸನ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ರಘುನಾಥ ಧೋಂಡೋ ಕರ್ವೆ. ಅವರ ಪರ ವಾದಕ್ಕೆ ಎದ್ದವರು ಬ್ಯಾರಿಸ್ಟರ್ ಭೀಮರಾವ್ ಅಂಬೇಡ್ಕರ್. ಕರ್ವೆ ಮಾಡಿದ್ದ ಅಪರಾಧ ಇಷ್ಟು: ತಾವು ನಡೆಸುತ್ತಿದ್ದ ‘ಸಮಾಜ ಸ್ವಾಸ್ಥ್ಯ’ ಎಂಬ ಮರಾಠಿ ಮಾಸಪತ್ರಿಕೆಗೆ ಓದುಗರು ಕಾಗದ ಬರೆದು ಕೇಳಿದ ಖಾಸಗಿ ಪ್ರಶ್ನೆಗಳಿಗೆ ಉತ್ತರ ಬರೆದಿದ್ದರು. ಆ ಪ್ರಶ್ನೆಗಳಲ್ಲಿ ಹಸ್ತಮೈಥುನದ ವಿಷಯವಿತ್ತು, ಸಲಿಂಗ ಬಯಕೆಯ ವಿಷಯವೂ ಇತ್ತು. ಉತ್ತರಗಳು ಅಶ್ಲೀಲವೆಂದು ಕೇಸು ಬಿತ್ತು.

ಮುಂಬೈ ವಿಶ್ವವಿದ್ಯಾಲಯದ ನೆರಳಿನಲ್ಲಿ ಓದಿದ, ಕಲಿಸಿದ ಸಲಿಂಗಿಗಳ, ಹಿಜ್ರಾಗಳ, ಅವರ ಪರ ನಿಂತವರ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ 1990ರಿಂದ ಆರಂಭಿಸುತ್ತಾರೆ. ನಾನು ಅದನ್ನು ಈ ಕಟಕಟೆಯಿಂದ ಆರಂಭಿಸುತ್ತೇನೆ. ಹರೆಯದ ಒಬ್ಬ ಹುಡುಗ, ಒಬ್ಬಳು ಹುಡುಗಿ, ತನ್ನ ಮೈಮನಸ್ಸಿನ ಬಗ್ಗೆ ನಡುಗುತ್ತಾ ಒಂದು ಪ್ರಶ್ನೆ ಕೇಳಿದರೆ ಅದಕ್ಕೆ ಉತ್ತರ ಕೊಡುವವರು ಯಾರು? ಈ ನಗರದ ನೂರು ವರ್ಷ ದಾಟಿದ ವಿದ್ಯಾಸಂಸ್ಥೆಗಳ ಎದುರು ನಿಂತ ಪ್ರಶ್ನೆ ಅದೊಂದೇ. ಅದಕ್ಕೆ ಉತ್ತರ ಕೊಟ್ಟವರು ಬಹುಮಟ್ಟಿಗೆ ಆ ಸಂಸ್ಥೆಗಳ ಹೊಸ್ತಿಲಿನಿಂದ ಆಚೆ ನಿಂತವರು.

ವಿಶ್ವವಿದ್ಯಾಲಯ ಹುಟ್ಟಿದ್ದು 1857ರ ಜುಲೈ 18ರಂದು. ಕಲ್ಕತ್ತಾ, ಮದ್ರಾಸು ವಿಶ್ವವಿದ್ಯಾಲಯಗಳೂ ಅದೇ ವರ್ಷದವು. ಮೂರು ವರ್ಷ ಕಳೆದು ಭಾರತೀಯ ದಂಡ ಸಂಹಿತೆ ಬಂತು. 1862ರ ಜನವರಿ 1ರಿಂದ ಜಾರಿಯಾಯಿತು. ಅದರ 377ನೇ ಕಲಮು ‘ಪ್ರಕೃತಿಯ ಕ್ರಮಕ್ಕೆ ವಿರುದ್ಧ’ವಾದ ಸಂಭೋಗಕ್ಕೆ ಜೀವಾವಧಿ ಅಥವಾ ಹತ್ತು ವರ್ಷದವರೆಗಿನ ಸೆರೆವಾಸ ಗೊತ್ತುಮಾಡಿತು. ಅಂದರೆ ನಮ್ಮ ಆಧುನಿಕ ವಿದ್ಯೆ ಮತ್ತು ಈ ಕಾಯಿದೆ ಹೆಚ್ಚುಕಡಿಮೆ ಒಂದೇ ಕಾಲದ ಕೂಸುಗಳು. ಫೋರ್ಟಿನ ಓವಲ್ ಮೈದಾನದಲ್ಲಿ ನಿಂತು ನೋಡಿದರೆ ವಿಶ್ವವಿದ್ಯಾಲಯದ ರಾಜಾಬಾಯಿ ಟವರೂ ಹೈಕೋರ್ಟೂ ಅಕ್ಕಪಕ್ಕದಲ್ಲೇ ಕಾಣುತ್ತವೆ. ಎರಡೂ ಪೂರ್ತಿಯಾದದ್ದು 1878ರಲ್ಲಿ.

ಆ ಕಾಲದ ಈ ವಿಶ್ವವಿದ್ಯಾಲಯ ಇಂದಿನಷ್ಟು ಸಣ್ಣದಾಗಿರಲಿಲ್ಲ. ಪುಣೆಯೂ ಧಾರವಾಡವೂ ಅದರ ತೆಕ್ಕೆಯಲ್ಲಿದ್ದವು. 1918ರಲ್ಲಿ ಬೇಂದ್ರೆಯವರು ಪುಣೆಯ ಫರ್ಗ್ಯುಸನ್ ಕಾಲೇಜಿನಿಂದ ಪಡೆದ ಬಿ.ಎ. ಪದವಿ ಮುಂಬೈ ವಿಶ್ವವಿದ್ಯಾಲಯದ್ದೇ. ಪುಣೆಗೂ ಧಾರವಾಡಕ್ಕೂ ತಮ್ಮದೇ ವಿಶ್ವವಿದ್ಯಾಲಯ ಸಿಕ್ಕಿದ್ದು 1949ರಲ್ಲಿ. ಇಂದು ಠಾಣೆ, ರಾಯಗಡ, ಪಾಲ್ಘರ್, ರತ್ನಾಗಿರಿ, ಸಿಂಧುದುರ್ಗ ಜಿಲ್ಲೆಗಳು ಇದಕ್ಕೆ ಸೇರುತ್ತವೆ. ಬದಲಾಪುರ, ಅಂಬರನಾಥ, ಉಲ್ಹಾಸನಗರ, ಕಲ್ಯಾಣ, ಡೊಂಬಿವಲಿಯಲ್ಲಿ ನೆಲೆಸಿದ ಕನ್ನಡ, ತುಳು ಮನೆಗಳ ಮಕ್ಕಳಲ್ಲಿ ಹೆಚ್ಚಿನವರ ಡಿಗ್ರಿ ಸರ್ಟಿಫಿಕೇಟಿನ ಮೇಲೆ ಇರುವುದು ಇದರ ಹೆಸರೇ. ಆದ್ದರಿಂದ ಈ ಚರಿತ್ರೆ ನಮ್ಮ ಮನೆಯೊಳಗಿನದು.

ಕರ್ವೆಯವರಿಗೆ ಮರಳುತ್ತೇನೆ. ಅವರ ತಂದೆ ಧೋಂಡೋ ಕೇಶವ ಕರ್ವೆ ವಿಧವೆಯರಿಗೆ ಆಶ್ರಯ ಕಟ್ಟಿದವರು, ಸ್ವತಃ ವಿಧವೆಯ ಕೈಹಿಡಿದವರು, 1916ರಲ್ಲಿ ದೇಶದ ಮೊದಲ ಮಹಿಳಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದವರು. ಜನ ಅವರನ್ನು ಮಹರ್ಷಿ ಎಂದು ಕರೆದರು. 1958ರಲ್ಲಿ ಅವರಿಗೆ ಭಾರತರತ್ನ ಬಂತು. ಹಿರಿಯ ಮಗ ರಘುನಾಥ ಹುಟ್ಟಿದ್ದು 1882ರಲ್ಲಿ. ಒಂಬತ್ತರ ವಯಸ್ಸಿನಲ್ಲಿ ತಾಯಿ ರಾಧಾಬಾಯಿಯನ್ನು ಕಳೆದುಕೊಂಡರು; ಆಕೆ ತೀರಿಕೊಂಡದ್ದು ಹೆರಿಗೆಯಲ್ಲಿ. ದೊಡ್ಡವರಾದ ಮೇಲೆ ಅವರು ಹಿಡಿದ ಕೆಲಸವನ್ನು ನೋಡಿದರೆ ಈ ಸಾವು ಅವರ ಎದೆಯಲ್ಲೇ ಉಳಿದಿತ್ತು ಎಂದು ನನಗೆ ತೋರುತ್ತದೆ. 1921ರಲ್ಲಿ ಮುಂಬೈಯಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆದರು. ಲಂಡನ್ನಿನಲ್ಲಿ ಮೇರಿ ಸ್ಟೋಪ್ಸ್ ತಮ್ಮ ಪ್ರಸಿದ್ಧ ಚಿಕಿತ್ಸಾಲಯ ತೆರೆದದ್ದೂ ಅದೇ ವರ್ಷ.

ಗಾಂಧೀಜಿಯೂ ಒಪ್ಪದ ಕೆಲಸವದು. ಮಿಶನರಿಗಳ ವಿಲ್ಸನ್ ಕಾಲೇಜು ಹೇಗೆ ಒಪ್ಪೀತು? ಗಿರಗಾಂವ್ ಚೌಪಾಟಿಯ ಸಮುದ್ರಕ್ಕೆ ಮುಖ ಮಾಡಿ ನಿಂತಿರುವ ಆ ಕಾಲೇಜಿನ ಮೂಲ 1832ರದು. ಮುಂಬೈ ವಿಶ್ವವಿದ್ಯಾಲಯಕ್ಕಿಂತ ಇಪ್ಪತ್ತೈದು ವರ್ಷ ಹಿರಿದು. ಅದನ್ನು ಕಟ್ಟಿದ ಸ್ಕಾಟ್ಲೆಂಡಿನ ಪಾದ್ರಿ ಜಾನ್ ವಿಲ್ಸನ್ ವಿಶ್ವವಿದ್ಯಾಲಯದ ಕುಲಪತಿ ಸ್ಥಾನದಲ್ಲೂ ಕೂತವರು. ಸಂತಾನ ನಿಯಂತ್ರಣದ ಬಗ್ಗೆ, ಹೆಂಗಸಿಗೂ ದೇಹಸುಖದ ಹಕ್ಕಿದೆ ಎಂಬುದರ ಬಗ್ಗೆ ಪ್ರಾಧ್ಯಾಪಕನೊಬ್ಬ ಬಹಿರಂಗವಾಗಿ ಬರೆಯುವುದು ಆಡಳಿತಕ್ಕೆ ಸಹಿಸಲಾಗಲಿಲ್ಲ. ಬಾಯಿ ಮುಚ್ಚಿಕೊಳ್ಳಬೇಕು, ಇಲ್ಲವೇ ಕೆಲಸ ಬಿಡಬೇಕು. 1925ರಲ್ಲಿ ಕರ್ವೆ ಕೆಲಸ ಬಿಟ್ಟರು. 1927ರ ಜುಲೈಯಲ್ಲಿ ‘ಸಮಾಜ ಸ್ವಾಸ್ಥ್ಯ’ ಹೊರಬಂತು. ಚಂದಾದಾರರು ಕಡಿಮೆ, ಸಾಲ ಜಾಸ್ತಿ. ಅದನ್ನು ನಡೆಸುವ ಭಾರವನ್ನು ಅವರ ಜೊತೆ ಹೊತ್ತವರು ಹೆಂಡತಿ ಮಾಲತಿಬಾಯಿ.

1931ರಲ್ಲೇ ಒಮ್ಮೆ ಅಶ್ಲೀಲತೆಯ ಕೇಸಿನಲ್ಲಿ ಅವರಿಗೆ ನೂರು ರೂಪಾಯಿ ದಂಡ ಬಿದ್ದಿತ್ತು. 1934ರದು ಎರಡನೆಯದು. ಈ ಸಲ ಅವರ ಕೈಹಿಡಿದ ಅಂಬೇಡ್ಕರ್ ಇದೇ ವಿಶ್ವವಿದ್ಯಾಲಯದ ಪದವೀಧರರು. 1912ರಲ್ಲಿ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಬಿ.ಎ. ಮಾಡಿದವರು. ದುಂಡುಮೇಜಿನ ಪರಿಷತ್ತುಗಳು, ಪುಣೆ ಒಪ್ಪಂದ ಎಲ್ಲ ಆಗ ತಾನೆ ಮುಗಿದು ದೇಶದ ಅರ್ಧ ಜನರ ಸಿಟ್ಟು ಅವರ ಮೇಲಿದ್ದ ಹೊತ್ತು. ಹೊಸ ಕಳಂಕವೊಂದನ್ನು ಮೈಮೇಲೆ ಹಾಕಿಕೊಳ್ಳುವ ಅಗತ್ಯ ಅವರಿಗೆ ಎಳ್ಳಷ್ಟೂ ಇರಲಿಲ್ಲ. ಆದರೂ ಕೇಸು ಹಿಡಿದರು.

ಅವರ ವಾದದ ಹುರುಳನ್ನು ಇಂದು ಓದಿದರೂ ಮೈ ನವಿರೇಳುತ್ತದೆ. ಪತ್ರಿಕೆ ಇರುವುದೇ ಲೈಂಗಿಕ ಶಿಕ್ಷಣಕ್ಕೆ. ಆ ವಿಷಯದಲ್ಲಿ ಓದುಗ ಪ್ರಶ್ನೆ ಕೇಳಿದರೆ ಉತ್ತರ ಕೊಡಬಾರದು ಎನ್ನುವುದು ಪತ್ರಿಕೆ ಮುಚ್ಚು ಎಂದಂತೆ. ಲೈಂಗಿಕ ವಿಷಯ ಬರೆದ ಮಾತ್ರಕ್ಕೆ ಅದು ಅಶ್ಲೀಲವಾಗುವುದಿಲ್ಲ. ಸಲಿಂಗ ಬಯಕೆಯ ಬಗ್ಗೆ ಹ್ಯಾವ್ಲಾಕ್ ಎಲಿಸ್‌ರಂಥವರು ಶಾಸ್ತ್ರೀಯವಾಗಿ ಬರೆದಿದ್ದಾರೆ; ಹುಟ್ಟಿನಿಂದಲೇ ಅಂಥ ಸ್ವಭಾವ ಬಂದವರು ತಮಗೆ ಬೇಕಾದ ರೀತಿಯಲ್ಲಿ ಸುಖ ಪಡೆದರೆ ಅದರಲ್ಲಿ ತಪ್ಪು ಕಾಣಬೇಕಾಗಿಲ್ಲ. ಸರಿಸುಮಾರು ಹೀಗೆ ಅವರು ನ್ಯಾಯಾಧೀಶರ ಮುಂದೆ ನಿಂತು ಹೇಳಿದರು. ಸುಪ್ರೀಂ ಕೋರ್ಟು ಈ ಮಾತಿಗೆ ಬಂದು ಮುಟ್ಟಿದ್ದು 84 ವರ್ಷ ಕಳೆದ ಮೇಲೆ.

ಕೇಸು ಸೋತಿತು. ಕರ್ವೆಗೆ ಇನ್ನೂರು ರೂಪಾಯಿ ದಂಡ. ದಂಡ ತೆತ್ತು ಮನೆಗೆ ಹೋದ ಮನುಷ್ಯ ಮುಂದಿನ ಸಂಚಿಕೆ ತಂದರು. 1953ರ ಅಕ್ಟೋಬರಿನಲ್ಲಿ ತೀರಿಕೊಳ್ಳುವವರೆಗೂ ತರುತ್ತಲೇ ಇದ್ದರು. ಸಲಿಂಗ ಬಯಕೆಯ ಬಗ್ಗೆ ಪ್ರಶ್ನೆ ಕೇಳಿ ಅಂದು ಕಾಗದ ಬರೆದವರು ಯಾರಾದರೇನು, ಅವರ ಕಾಗದಕ್ಕೆ ಉತ್ತರ ಹೋಗಿ ಮುಟ್ಟಿತಲ್ಲ. ಇಡೀ ಪ್ರಸಂಗದಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಅದೇ.

ಅಲ್ಲಿಂದ ಮುಂದಿನ ನಾಲ್ಕೈದು ದಶಕಗಳನ್ನು ಬೇಗ ದಾಟಬಹುದು. ಸ್ವಾತಂತ್ರ್ಯ ಬಂತು, ಸಂವಿಧಾನ ಬಂತು, 377 ಹಾಗೇ ಉಳಿಯಿತು. ಖೇತವಾಡಿಯ ಮಧ್ಯಮ ವರ್ಗದ ಗುಜರಾತಿ ಮನೆಯಿಂದ ಬಂದ ಭೂಪೇನ್ ಖಖ್ಖರ್ ಮುಂಬೈ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ, ವಾಣಿಜ್ಯ ಓದಿ ಚಾರ್ಟರ್ಡ್ ಅಕೌಂಟೆಂಟ್ ಆದರು. ಚಿತ್ರಕಲೆಯ ಹುಚ್ಚು ಹತ್ತಿ 1962ರಲ್ಲಿ ಬರೋಡಾಕ್ಕೆ ಹೋದರು. ಲೆಕ್ಕ ಬರೆದು ಹೊಟ್ಟೆ ಹೊರೆಯುತ್ತಾ ಚಿತ್ರ ಬರೆದರು. 1980ರ ಆಚೀಚೆಗೆ ಅವರ ಕ್ಯಾನ್‌ವಾಸಿನಲ್ಲಿ ಗಂಡಸರಿಬ್ಬರ ಪ್ರೀತಿ ಬಚ್ಚಿಟ್ಟುಕೊಳ್ಳದೆ ಬಂತು. 1984ರಲ್ಲಿ ಪದ್ಮಶ್ರೀ, ತೀರಿಕೊಂಡು 13 ವರ್ಷದ ಮೇಲೆ, 2016ರಲ್ಲಿ, ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ ಅವರ ಕೃತಿಗಳ ದೊಡ್ಡ ಪ್ರದರ್ಶನ. ಮರಾಠಿ ರಂಗಭೂಮಿಯಲ್ಲಿ 1981ರಲ್ಲಿ ವಿಜಯ್ ತೆಂಡೂಲ್ಕರರ ‘ಮಿತ್ರಾಚೀ ಗೋಷ್ಟ’ ಬಂತು. ಕಾಲೇಜಿನ ಹುಡುಗಿ ಸುಮಿತ್ರಾ ಇನ್ನೊಬ್ಬಳು ಹುಡುಗಿಯನ್ನು ಪ್ರೀತಿಸುವ ನಾಟಕ. ರೋಹಿಣಿ ಹಟ್ಟಂಗಡಿ ಆ ಪಾತ್ರ ಮಾಡಿದರು. ಸುಮಿತ್ರಾಳ ಮಾತನ್ನು ಕೇಳಿಸಿಕೊಳ್ಳಲು ನಾಟಕದಲ್ಲಿ ಒಬ್ಬ ಗೆಳೆಯನಾದರೂ ಇದ್ದಾನೆ. ಆದರೆ ಅವಳನ್ನು ಉಳಿಸಿಕೊಳ್ಳುವುದು ಅವನಿಂದ ಆಗುವುದಿಲ್ಲ. ಪಾಠ ಹೇಳುವ ಕಾಲೇಜು ಆ ಹುಡುಗಿಯ ಪಾಲಿಗೆ ಎಲ್ಲಿಯೂ ಇಲ್ಲ. ತೆಂಡೂಲ್ಕರ್ ಕಂಡದ್ದನ್ನು ಕಂಡ ಹಾಗೆ ಬರೆದರು.

ಅಶೋಕ್ ರಾವ್ ಕವಿ ಹುಟ್ಟಿದ್ದು 1947ರಲ್ಲಿ. ಮುಂಬೈ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದ ಪದವೀಧರರು. ತಮ್ಮೊಳಗಿನ ತಳಮಳಕ್ಕೆ ಶಾಂತಿ ಹುಡುಕಿ ರಾಮಕೃಷ್ಣ ಮಠ ಸೇರಿದರು. ಅಲ್ಲಿನ ಸ್ವಾಮಿಗಳೊಬ್ಬರು ಅವರನ್ನು ಬೈದಟ್ಟಲಿಲ್ಲ. ಮಠ ಓಡಿಹೋಗಿ ಅಡಗುವ ಜಾಗವಲ್ಲ, ಹೊರಗೆ ಹೋಗಿ ನೀನಿರುವ ಹಾಗೆ ಬದುಕು ಎಂಬರ್ಥದಲ್ಲಿ ಹೇಳಿ ಕಳಿಸಿದರೆಂದು ಕವಿ ಅನೇಕ ಸಲ ನೆನೆದಿದ್ದಾರೆ. ಕರ್ವೆಯ ನಂತರ ಈ ಚರಿತ್ರೆಯಲ್ಲಿ ನನಗೆ ಸಿಗುವ ಎರಡನೆಯ ನೇರ ಉತ್ತರ ಅದು. ಕೊಟ್ಟವರು ಕಾವಿ ತೊಟ್ಟವರು. ಕವಿ ಪತ್ರಕರ್ತರಾದರು. 1986ರಲ್ಲಿ ‘ಸ್ಯಾವಿ’ ಪತ್ರಿಕೆಯ ಸಂದರ್ಶನದಲ್ಲಿ ತಾನು ಸಲಿಂಗಿ ಎಂದು ಹೆಸರು ಸಮೇತ ಹೇಳಿಕೊಂಡರು. ಹಾಗೆ ಹೇಳುವವರು ಆಗ ಈ ದೇಶದಲ್ಲಿ ಇರಲೇ ಇಲ್ಲ ಎನ್ನಬಹುದು.

1990ರಲ್ಲಿ ‘ಬಾಂಬೆ ದೋಸ್ತ್’ ಬಂತು. ಕೆಲವೇ ಪುಟಗಳ ಪತ್ರಿಕೆ, ಇಂಗ್ಲಿಷಿನ ಜೊತೆ ಸ್ವಲ್ಪ ಹಿಂದಿ. ಕೈಯಿಂದ ಕೈಗೆ ದಾಟಿ, ಅಂಚೆಯಲ್ಲಿ ಸಾಗಿ, ಕವಿಯವರು ಕಾಣದ ಊರುಗಳನ್ನೂ ಮುಟ್ಟಿತು. ಮತ್ತೆ ಕಾಗದಗಳು ಬರತೊಡಗಿದವು. ನಾನೊಬ್ಬನೇ ಹೀಗಿದ್ದೇನೆಯೇ, ಇದು ಕಾಯಿಲೆಯೇ, ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ, ಏನು ಮಾಡಲಿ? ಕರ್ವೆಯವರ ಮೇಜಿನ ಮೇಲೆ ಬೀಳುತ್ತಿದ್ದ ಪ್ರಶ್ನೆಗಳೇ ಅರವತ್ತು ವರ್ಷದ ಮೇಲೆ ಇಲ್ಲಿ ಬಂದು ಬಿದ್ದವು. ನಡುವಿನ ಕಾಲದಲ್ಲಿ ಈ ನಗರದ ಕಾಲೇಜುಗಳಿಂದ ಹೊರಬಂದ ಡಾಕ್ಟರು, ವಕೀಲ, ಮೇಷ್ಟ್ರುಗಳಿಗೆ ಲೆಕ್ಕವಿಲ್ಲ. ಅಷ್ಟು ಜನರಿದ್ದೂ ಆ ಪ್ರಶ್ನೆಗಳು ಹಾಗೇ ಉಳಿದಿದ್ದವು ಎಂದು ಬರೆಯುವಾಗ ನನಗೆ ನೋವಾಗುತ್ತದೆ.

ಏಡ್ಸ್ ಭಯ ಏರುತ್ತಿದ್ದ ದಿನಗಳವು. 1994ರಲ್ಲಿ ಕವಿ, ಸುಹೇಲ್ ಅಬ್ಬಾಸಿ, ಶ್ರೀಧರ್ ರಂಗಾಯನ್ ಸೇರಿ ಹಮ್‌ಸಫರ್ ಟ್ರಸ್ಟ್ ಆರಂಭಿಸಿದರು. ಅದೇ ಡಿಸೆಂಬರಿನಲ್ಲಿ ದಕ್ಷಿಣ ಏಷ್ಯಾದ ಸಲಿಂಗಿ ಪುರುಷರ ಸಮ್ಮೇಳನವೊಂದು ಮುಂಬೈಯಲ್ಲಿ ಸೇರಿತು. ಸೇರುವ ಮೊದಲೇ ಗದ್ದಲ. ಎಡಪಕ್ಷದ ಮಹಿಳಾ ಸಂಘಟನೆಯಾದ ಎನ್‌ಎಫ್‌ಐಡಬ್ಲ್ಯುವಿನ ನಾಯಕಿ ವಿಮಲಾ ಫಾರೂಕಿ ಇದು ಪಶ್ಚಿಮದ ಕೊಳೆತ ಸಂಸ್ಕೃತಿ, ಅನುಮತಿ ಕೊಡಬೇಡಿ ಎಂದು ಪ್ರಧಾನಿ ಪಿ. ವಿ. ನರಸಿಂಹ ರಾಯರನ್ನು ಕೇಳಿಕೊಂಡರು. ಹೆಂಗಸರ ಹಕ್ಕಿಗಾಗಿ ಬೀದಿಗಿಳಿದವರೇ ಹೀಗೆಂದರೆ ಉಳಿದವರ ಮಾತೇನು! ಸಮ್ಮೇಳನ ನಿಲ್ಲಲಿಲ್ಲ. ಅದು ನಡೆದ ಜಾಗ ಜುಹೂವಿನ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ಆವರಣ. ಮಹರ್ಷಿ ಕರ್ವೆ ಕಟ್ಟಿದ ಅದೇ ವಿಶ್ವವಿದ್ಯಾಲಯ. ಮಗ ದಂಡ ತೆತ್ತು ಸರಿಯಾಗಿ ಅರವತ್ತು ವರ್ಷಕ್ಕೆ ಅಪ್ಪ ನೆಟ್ಟ ಮರದ ಕೆಳಗೆ ಆ ಮಾತು ಮತ್ತೆ ನಡೆಯಿತು. ಯಾರೋ ಬೇಕೆಂದು ಹೊಂದಿಸಿದ್ದಲ್ಲ, ತಾನಾಗಿ ಕೂಡಿ ಬಂದದ್ದು. ಅದಕ್ಕೇ ನನಗೆ ಅದರ ಮೇಲೆ ಅಷ್ಟು ಅಕ್ಕರೆ.

ನಂತರ ಹಮ್‌ಸಫರ್‌ಗೆ ಮುಂಬೈ ಮಹಾನಗರ ಪಾಲಿಕೆ ವಾಕೋಲಾದ ತನ್ನ ಹಳೆಯ ಕಟ್ಟಡದಲ್ಲಿ ಜಾಗ ಕೊಟ್ಟಿತು. ವಾಕೋಲಾ ಇರುವುದು ವಿಶ್ವವಿದ್ಯಾಲಯದ ಕಲೀನಾ ಕ್ಯಾಂಪಸ್ಸಿನ ಮಗ್ಗುಲಲ್ಲೇ. ಕಾಂಪೌಂಡಿನ ಒಳಗೆ ಸಾಹಿತ್ಯ, ಸಮಾಜಶಾಸ್ತ್ರ, ಮನಃಶಾಸ್ತ್ರದ ಪಾಠ; ಹೊರಗೆ ಪಾಲಿಕೆಯ ಹಳೆಯ ಕೋಣೆಗಳಲ್ಲಿ ಆಪ್ತ ಸಲಹೆ, ರಕ್ತ ಪರೀಕ್ಷೆ, ಶುಕ್ರವಾರದ ಕೂಟಗಳು, ಮನೆಯಿಂದ ಹೊರಬಿದ್ದವರಿಗೆ ಒಂದು ಲೋಟ ಚಹಾ. ಹೆಂಗಸರದು ಬೇರೆ ದಾರಿ. 1995ರಲ್ಲಿ ಮುಂಬೈಯ ಕೆಲವು ಹೆಂಗಸರು ಸೇರಿ ‘ಸ್ತ್ರೀ ಸಂಗಮ’ ಕಟ್ಟಿಕೊಂಡರು. ಮುಂದೆ ಅದು ‘ಲೇಬಿಯಾ’ ಆಯಿತು. ಸಭೆಗೆ ಬರಲು ಮನೆಯಲ್ಲಿ ಏನು ಹೇಳಿ ಬರುವುದು ಎಂಬುದೇ ಹುಡುಗಿಯರ ಮೊದಲ ತೊಡಕು. ಗಂಡಸರಿಗಿದ್ದ ಪಾರ್ಕು, ಪ್ಲಾಟ್‌ಫಾರ್ಮು ಅವರಿಗಿರಲಿಲ್ಲ.

ಶ್ರೀಧರ್ ರಂಗಾಯನ್ ಮಂಡ್ಯದವರು. ಮುಂಬೈಗೆ ಬಂದದ್ದು ಐಐಟಿಯ ವಿನ್ಯಾಸ ಕೇಂದ್ರದಲ್ಲಿ ಓದಲು. ಅವರ ‘ಗುಲಾಬಿ ಆಯ್ನಾ’ ಚಿತ್ರಕ್ಕೆ ಸೆನ್ಸಾರ್ ಮಂಡಳಿ ಪ್ರಮಾಣಪತ್ರ ಕೊಡಲಿಲ್ಲ. ಎದೆಗುಂದದೆ 2010ರಲ್ಲಿ ‘ಕಶಿಶ್’ ಚಿತ್ರೋತ್ಸವ ಆರಂಭಿಸಿದರು. 377ರ ಬಗ್ಗೆ ಮಾಡಿದ ‘ಬ್ರೇಕಿಂಗ್ ಫ್ರೀ’ ಸಾಕ್ಷ್ಯಚಿತ್ರದ ಸಂಕಲನಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಮಗ ತಾಯಿಗೆ ತನ್ನ ಗುಟ್ಟು ಹೇಳುವ ‘ಈವ್ನಿಂಗ್ ಶ್ಯಾಡೋಸ್’ ಕಥೆಯನ್ನು ಅವರು ಚಿತ್ರಿಸಿದ್ದು ತಮ್ಮ ಮೈಸೂರು ಸೀಮೆಯ ಕಾವೇರಿ ತೀರದಲ್ಲಿ. ಮುಂಬೈಗೆ ಬಂದ ಕನ್ನಡಿಗರ ಸಾಧನೆ ಎಂದರೆ ಹೋಟೆಲು, ಬ್ಯಾಂಕು, ರಾತ್ರಿಶಾಲೆ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಮಾತು ಎತ್ತಿದಾಗಲೆಲ್ಲ ಮಂಡ್ಯದ ಈ ಮನುಷ್ಯನ ಹೆಸರೂ ನಮ್ಮ ಸಂಘಗಳ ವೇದಿಕೆಯಲ್ಲಿ ಕೇಳಬೇಕು.

ವಿಶ್ವವಿದ್ಯಾಲಯದ ಒಳಗೇ ನಿಂತು ಸೆಣಸಿದವರು ಆರ್. ರಾಜ್ ರಾವ್. 1955ರಲ್ಲಿ ಮುಂಬೈಯಲ್ಲಿ ಹುಟ್ಟಿ, 1986ರಲ್ಲಿ ಮುಂಬೈ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದು, ಪುಣೆ ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗಕ್ಕೆ ಹೋದರು. ಅವರ ಕವಿತೆಗಳನ್ನು ಆಧರಿಸಿ ರಿಯಾದ್ ವಾಡಿಯಾ 1996ರಲ್ಲಿ ‘ಬಾಮ್‌ಗೇ’ ಎಂಬ ಕಿರುಚಿತ್ರ ಮಾಡಿದರು. 2003ರಲ್ಲಿ ಬಂದ ‘ದ ಬಾಯ್‌ಫ್ರೆಂಡ್’ ಕಾದಂಬರಿಯಲ್ಲಿ ಚರ್ಚ್‌ಗೇಟಿನ ಲೋಕಲ್ ರೈಲಿನ ಮುಂಬೈ ಇದೆ, ಜಾತಿಯೂ ಇದೆ. ಸಲಿಂಗಿ ಸಾಹಿತ್ಯವನ್ನು ತರಗತಿಯಲ್ಲಿ ಕಲಿಸಬೇಕೆಂದು ಅವರು ಕೇಳಿದಾಗ ಅಧ್ಯಯನ ಮಂಡಳಿ ವರ್ಷಗಟ್ಟಲೆ ಒಪ್ಪಲಿಲ್ಲ. ನಮ್ಮ ವಿದ್ಯಾರ್ಥಿಗಳಿಗೆ ಇದು ಬೇಕಿಲ್ಲ ಎಂಬುದು ಆಗಿನ ಮಾತು. ಕೊನೆಗೆ 2007ರಲ್ಲಿ ದಲಿತ ಸಾಹಿತ್ಯದ ಜೊತೆ ಸೇರಿಸಿ ಪರ್ಯಾಯ ಸಾಹಿತ್ಯ ಎಂಬ ಹೆಸರಿನಡಿ ಕೋರ್ಸು ಬಂತು. ಸೇರಿದವರಲ್ಲಿ ಹೆಚ್ಚಿನವರು ಸಲಿಂಗಿಗಳಲ್ಲದ ಮಾಮೂಲಿ ಹುಡುಗ ಹುಡುಗಿಯರೇ. ಅಂಬೇಡ್ಕರ್ ಅಂದು ಕರ್ವೆಯ ಪಕ್ಕದಲ್ಲಿ ನಿಂತದ್ದನ್ನು ಬಲ್ಲವರಿಗೆ ದಲಿತ ಸಾಹಿತ್ಯದ ಪಕ್ಕದಲ್ಲಿ ಇದಕ್ಕೆ ಜಾಗ ಸಿಕ್ಕಿದ್ದು ಆಶ್ಚರ್ಯವಾಗಲಿಕ್ಕಿಲ್ಲ.

ನಮ್ಮ ಠಾಣೆಯವರಾದ ಲಕ್ಷ್ಮೀ ನಾರಾಯಣ ತ್ರಿಪಾಠಿಯವರ ಓದು ಮಿಠಿಬಾಯಿ ಕಾಲೇಜಿನಲ್ಲಿ, ಆಮೇಲೆ ಭರತನಾಟ್ಯದಲ್ಲಿ ಉನ್ನತ ಪದವಿ. ಉತ್ತರ ಪ್ರದೇಶದ ಮೂಲದ ಬ್ರಾಹ್ಮಣ ಮನೆಯ ಹಿರಿಯ ಮಗನಾಗಿ ಹುಟ್ಟಿದವರು ಹಿಜ್ರಾ ಸಮುದಾಯ ಸೇರಿದರು. ಸಾಮಾನ್ಯವಾಗಿ ಇಲ್ಲಿಗೆ ಮನೆಯ ಬಾಗಿಲು ಮುಚ್ಚುತ್ತದೆ. ಅವರ ಮನೆಯವರು ಮುಚ್ಚಲಿಲ್ಲ. ಸಮುದಾಯ ಸೇರಿದ ಮೇಲೂ ಹುಟ್ಟಿದ ಮನೆಯ ನಂಟು ಉಳಿಸಿಕೊಂಡವರು ಅವರು. 2008ರಲ್ಲಿ ವಿಶ್ವಸಂಸ್ಥೆಯಲ್ಲಿ ಮಾತಾಡಿದರು. 2012ರಲ್ಲಿ ಮರಾಠಿಯಲ್ಲಿ ಆತ್ಮಕಥೆ ಬಂತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ಗಂಡು ಹೆಣ್ಣುಗಳ ಆಚೆಗಿನ ಲಿಂಗತ್ವವನ್ನು ಕಾನೂನಿನಲ್ಲಿ ಗುರುತಿಸಿದ ನಾಲ್ಸಾ ತೀರ್ಪಿನಲ್ಲಿ ಅವರ ಬದುಕಿನ ವಿವರಗಳೇ ಸಾಕ್ಷಿಯಾಗಿ ಬಂದವು. ನೋಡಲು ಇಷ್ಟು ಗಟ್ಟಿಯಾದ ಈ ಬದುಕಿಗೆ ಬುನಾದಿ ಹಾಕಿದ್ದು ಠಾಣೆಯ ಒಂದು ಸಂಸಾರ ಎಂಬುದು ನಮ್ಮ ಕಡೆಯ ತಂದೆತಾಯಿಗಳಿಗೆ ತಿಳಿದಿರಬೇಕು.

ಕಾನೂನಿನ ಕಥೆಯಲ್ಲೂ ವಿದ್ಯಾಲಯಗಳು ಬರುತ್ತವೆ. 1997ರಲ್ಲಿ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಸಲಿಂಗಿಗಳ ಹಕ್ಕಿನ ಬಗ್ಗೆ ವಿಚಾರ ಸಂಕಿರಣ ನಡೆಯಿತು. ಅಲ್ಲಿ ಓದಿದ ಅರವಿಂದ್ ನಾರಾಯಣ್, ಮೇನಕಾ ಗುರುಸ್ವಾಮಿ ಮುಂದೆ ಈ ಹೋರಾಟದ ವಕೀಲರಾದರು. 2009ರ ಜುಲೈ 2ರಂದು ದೆಹಲಿ ಹೈಕೋರ್ಟಿನಲ್ಲಿ 377ರ ಹಲ್ಲು ಕಿತ್ತ ತೀರ್ಪು ಓದಿದ ಮುಖ್ಯ ನ್ಯಾಯಮೂರ್ತಿ ಅಜಿತ್ ಪ್ರಕಾಶ್ ಶಾ ನಮ್ಮ ನೆರೆಯ ಸೊಲ್ಲಾಪುರದವರು, ಮುಂಬೈಯ ಸರಕಾರಿ ಲಾ ಕಾಲೇಜಿನಲ್ಲಿ ಕಲಿತವರು. ಒಂದು ಕಾಲಕ್ಕೆ ಅಂಬೇಡ್ಕರ್ ಪ್ರಿನ್ಸಿಪಾಲರಾಗಿದ್ದ ಕಾಲೇಜು ಅದು.

ಆದರೆ ತೀರ್ಪು ಬಂದ ಏಳೇ ತಿಂಗಳಿಗೆ ಇನ್ನೊಂದು ಹಳೆಯ ವಿಶ್ವವಿದ್ಯಾಲಯ ತನ್ನ ಮೇಷ್ಟ್ರೊಬ್ಬರಿಗೆ ಮಾಡಿದ್ದನ್ನು ನೆನೆದರೆ ಕೈ ನಡುಗುತ್ತದೆ. ರಾಮಚಂದ್ರ ಸಿರಸ್ ನಾಗಪುರದ ಕಡೆಯವರು, ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಮರಾಠಿ ಪ್ರಾಧ್ಯಾಪಕರು, ಕವಿ. 2002ರಲ್ಲಿ ಅವರ ಕವನ ಸಂಕಲನಕ್ಕೆ ಮಹಾರಾಷ್ಟ್ರ ಸಾಹಿತ್ಯ ಪರಿಷತ್ತಿನ ಪ್ರಶಸ್ತಿ ಬಂದಿತ್ತು. ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದ್ದಾಗ, 2010ರ ಫೆಬ್ರುವರಿ 8ರ ರಾತ್ರಿ, ಕ್ಯಾಮರಾ ಹಿಡಿದವರು ಅವರ ಮನೆಯೊಳಗೆ ನುಗ್ಗಿದರು. ನುಗ್ಗಿದವರ ಮೇಲೆ ಕ್ರಮ ಕೈಗೊಳ್ಳಬೇಕಿದ್ದ ವಿಶ್ವವಿದ್ಯಾಲಯ ಅಮಾನತು ಮಾಡಿದ್ದು ಸಿರಸ್ ಅವರನ್ನು. ಏಪ್ರಿಲ್ 1ರಂದು ಅಲಾಹಾಬಾದ್ ಹೈಕೋರ್ಟು ಅಮಾನತಿಗೆ ತಡೆ ಕೊಟ್ಟಿತು. ಏಪ್ರಿಲ್ 7ರಂದು ಅವರು ಬಾಡಿಗೆ ಕೋಣೆಯಲ್ಲಿ ಹೆಣವಾಗಿ ಸಿಕ್ಕರು. ತನ್ನ ಭಾಷೆಯವರು ಹೆಚ್ಚಿಲ್ಲದ ಊರಿನಲ್ಲಿ ಮರಾಠಿ ಕಲಿಸುತ್ತಾ ಬಾಳಿದ ಒಬ್ಬ ಮೇಷ್ಟ್ರಿಗೆ ಸಂಸ್ಥೆ ಕೊಟ್ಟ ಬೀಳ್ಕೊಡುಗೆ ಇದು.

2013ರಲ್ಲಿ ಎರಡು ಘಟನೆ. ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನ ಪ್ರಕಟವಾಯಿತು. ಸಂಡೂರಿನಲ್ಲಿ ಹುಟ್ಟಿ, ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗಳಲ್ಲಿ ಓದಿದ ಜನಪ್ರಿಯ ಕಥೆಗಾರ ತನ್ನನ್ನು ತೆರೆದಿಟ್ಟುಕೊಂಡರು. ಅವರಿಗೆ ಬಂದದ್ದೂ ಕಾಗದ, ಫೋನುಗಳೇ. ಕನ್ನಡದ ಹುಡುಗರು ತಮ್ಮ ಭಾಷೆಯಲ್ಲಿ ತಮ್ಮ ಪ್ರಶ್ನೆ ಕೇಳಲು ಒಬ್ಬರು ಸಿಕ್ಕರು. ಅದೇ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ದೆಹಲಿಯ ತೀರ್ಪನ್ನು ತಳ್ಳಿಹಾಕಿ 377ಕ್ಕೆ ಮತ್ತೆ ಜೀವ ಕೊಟ್ಟಿತು. ಇವರು ಬಹಳ ಸಣ್ಣ ಸಂಖ್ಯೆಯವರು ಎಂಬುದು ಅಲ್ಲಿ ಹೇಳಿದ ಕಾರಣಗಳಲ್ಲಿ ಒಂದು.

ಸಣ್ಣ ಸಂಖ್ಯೆಯವರು ತಲೆ ಎಣಿಸಿ ತೋರಿಸಿದರು. ಐಐಟಿ ಬಾಂಬೆಯಲ್ಲಿ 2011ರಿಂದಲೇ ‘ಸಾಥಿ’ ಎಂಬ ವಿದ್ಯಾರ್ಥಿ ಗುಂಪಿತ್ತು. ದೇಶದ ಬೇರೆ ಬೇರೆ ಐಐಟಿಗಳ ಹಳೆಯ ಹಾಗೂ ಆಗಿನ ವಿದ್ಯಾರ್ಥಿಗಳು ‘ಪ್ರವೃತ್ತಿ’ ಎಂಬ ಹೆಸರಿನಲ್ಲಿ ಒಬ್ಬರನ್ನೊಬ್ಬರು ಕಂಡುಕೊಂಡರು. 2018ರ ಮೇ ತಿಂಗಳಲ್ಲಿ ಅವರಲ್ಲಿ 20 ಮಂದಿ, ಅನ್ವೇಶ್ ಪೊಕ್ಕುಲೂರಿ ಮೊದಲಾಗಿ, ಹೆಸರು ಬಚ್ಚಿಡದೆ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಅರ್ಜಿ ಹಾಕುವಾಗ ಕಾಯಿದೆಯ ಕಣ್ಣಲ್ಲಿ ಅವರು ತಮ್ಮ ಅಪರಾಧವನ್ನು ತಾವೇ ಬರೆದುಕೊಟ್ಟಂತಿತ್ತು. ಕೆಲವರದು ಇನ್ನೂ ನೌಕರಿ ಅರಸುವ ವಯಸ್ಸು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳು ಒಮ್ಮತದಿಂದ, ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧವಲ್ಲ ಎಂದರು. ಅದೇ ವರ್ಷ ದೇವನಾರದ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಲಿಂಗಭೇದವಿಲ್ಲದ ಹಾಸ್ಟೆಲ್ ಆರಂಭವಾಯಿತು.

ಆ ತೀರ್ಪಿಗೆ ಹತ್ತು ವರ್ಷ ಮೊದಲು, 2008ರ ಆಗಸ್ಟ್ 16ರಂದು, ಸ್ವಾತಂತ್ರ್ಯ ದಿನದ ಮರುದಿನ, ಆಗಸ್ಟ್ ಕ್ರಾಂತಿ ಮೈದಾನದಿಂದ ಚೌಪಾಟಿಯತ್ತ ಮುಂಬೈಯ ‘ಕ್ವಿಯರ್ ಆಜಾದಿ’ ಮೆರವಣಿಗೆ ಹೊರಟಿತ್ತು. ಕೆಲವರ ಮುಖದ ಮೇಲೆ ಮುಖವಾಡ. ಕಚೇರಿಯವರು, ಮನೆಯವರು ಟಿವಿಯಲ್ಲಿ ಕಂಡಾರೆಂಬ ಭಯ. ಆ ಚೌಪಾಟಿಯ ಎದುರಿಗಿರುವುದೇ ವಿಲ್ಸನ್ ಕಾಲೇಜು, 1925ರಲ್ಲಿ ಕರ್ವೆ ಇಳಿದು ಹೋದ ಮೆಟ್ಟಿಲುಗಳು.

ಈಗ ನಮ್ಮ ಕಡೆಗೆ ಬರೋಣ. ಪವಾಯಿಯ ಐಐಟಿ, ದೇವನಾರದ ಟಾಟಾ ಸಂಸ್ಥೆಯ ಕ್ಯಾಂಪಸ್ಸಿನಲ್ಲಿ ಹಾಸ್ಟೆಲ್ ಇದೆ, ಗುಂಪಿದೆ, ಬೆಳಗಿನವರೆಗೆ ಮಾತಾಡಲು ಗೆಳೆಯರಿದ್ದಾರೆ. ಬದಲಾಪುರದ ಕಡೆಯ ಕರ್ಜತ್ ರೈಲು ಲೈನಿನ ಹುಡುಗನದು ಬೇರೆ ಬದುಕು. ಕಾಲೇಜು ಮುಗಿದ ಕೂಡಲೇ ಮನೆ. ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಅಪ್ಪ, ಅಮ್ಮ, ಅಜ್ಜಿ, ತಂಗಿ. ಫೋನಿನಲ್ಲಿ ಗುಟ್ಟು ಮಾತಾಡಲೂ ಟೆರೇಸಿಗೆ ಹೋಗಬೇಕು. ವಾಕೋಲಾದ ಹಮ್‌ಸಫರ್‌ಗೆ ಹೋಗುವುದೆಂದರೆ ಕುರ್ಲಾಕ್ಕೆ ಇಳಿದು, ಬಸ್ಸೋ ರಿಕ್ಷಾವೋ ಹಿಡಿದು, ಅರ್ಧ ದಿನದ ಲೆಕ್ಕ ಮನೆಯಲ್ಲಿ ಒಪ್ಪಿಸಬೇಕು. ಕಾನೂನು ಬದಲಾಗಿ ವರ್ಷಗಳಾದರೂ ಈ ಹುಡುಗನ ಮಟ್ಟಿಗೆ ಕಾಗದ ಬರೆಯುವ ಕಾಲ ಮುಗಿದಿಲ್ಲ. ಕಾಗದದ ಜಾಗದಲ್ಲಿ ಮೊಬೈಲು ಬಂದಿದೆ, ಅಷ್ಟೆ. ಮೊಬೈಲಿನಲ್ಲಿ ಉತ್ತರ ಕೊಡುವವರಲ್ಲಿ ಒಳ್ಳೆಯವರ ಜೊತೆ ಸುಲಿಗೆಯವರೂ ಇದ್ದಾರೆ.

ಮದುವೆಯ ಹಕ್ಕು ಕೇಳಿದವರಿಗೆ 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಇಲ್ಲವೆಂದಿತು, ಶಾಸನಸಭೆಯ ಕಡೆ ಬೆರಳು ತೋರಿಸಿತು. ಕರ್ನಾಟಕ ಸರಕಾರ 2021ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಸರಕಾರಿ ನೌಕರಿಯಲ್ಲಿ ಶೇ. 1 ಮೀಸಲಾತಿ ತಂದಿತು. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ಲಿಂಗತ್ವ ಅಲ್ಪಸಂಖ್ಯಾತರೊಬ್ಬರು ಕನ್ನಡ ಎಂ.ಎ. ಮಾಡಿ ಅಲ್ಲಿಯೇ ಅತಿಥಿ ಉಪನ್ಯಾಸಕಿಯಾದರು. ಬದಲಾಪುರದಿಂದ ಠಾಣೆಯವರೆಗಿನ ನಮ್ಮ ಕಾಲೇಜುಗಳ ಸ್ಟಾಫ್ ರೂಮಿನಲ್ಲಿ ಅಂಥ ಒಬ್ಬರು ಕೂತಿರಲಿ ಎಂಬುದು ನನ್ನ ಆಸೆ. ಅಲ್ಲಿಯವರೆಗೆ ಈಗಿರುವ ಮೇಷ್ಟ್ರುಗಳಲ್ಲೇ ಯಾರಾದರೊಬ್ಬರು, ತರಗತಿ ಮುಗಿದ ಮೇಲೆ ಬಾಗಿಲ ಹತ್ತಿರ ಹಿಂಜರಿದು ನಿಂತ ವಿದ್ಯಾರ್ಥಿಯನ್ನು ಒಳಗೆ ಕರೆದು ಕುರ್ಚಿ ಕೊಡಲಿ. ಅವರು ಕಟಕಟೆ ಹತ್ತಬೇಕಾಗಿಲ್ಲ, ದಂಡವನ್ನೂ ಕಟ್ಟಬೇಕಾಗಿಲ್ಲ.